ಬಾತುಕೋಳಿಗೆ ಎಷ್ಟು ತೂಕದ ಕಾರ್ಡ್?

“ಕೈ ತೆಗೀರಿ ಸಾರ್, ನೀವು ಮುಟ್ಟಿದ್ರೆ ತೂಕ ತಪ್ಪತ್ತೆ,” ಎಂದ ಅಪ್ಪ.

ಕಂಪ್ಯೂಟರ್ ಅಂಗಡಿಯವನು ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡ. ಅಂಗಡಿ ಅವನದೇ, ಟೇಬಲ್ಲೂ ಅವನದೇ. ಆದರೆ ಟೇಬಲ್ಲಿನ ಮೇಲೆ ಈಗ ಅಪ್ಪನ ಹಿತ್ತಾಳೆ ತಕ್ಕಡಿ ನಿಂತಿತ್ತು. ಎಡಗಡೆ ತಟ್ಟೆಯಲ್ಲಿ ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್, ಬಲಗಡೆ ತಟ್ಟೆಯಲ್ಲಿ ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್. ಮೂರು ಫ್ಯಾನಿನದು ಮೆಲ್ಲಗೆ ಕೆಳಗಿಳಿದು ಟೇಬಲ್ಲಿಗೆ ಟಕ್ ಎಂದು ತಾಗಿತು.

“ನೋಡಿದ್ಯಾ ಗ್ರಾಂ? ಇದೇ ಒಳ್ಳೇದು.”

ಗ್ರಾಂ ಎಂದರೆ ಅಪ್ಪನ ಮಗಳು, ಐದನೇ ಕ್ಲಾಸು. ಹುಟ್ಟಿದಾಗ ಅವಳು ತೀರಾ ಹಗುರವಾಗಿದ್ದಳಂತೆ. ಆಸ್ಪತ್ರೆಯ ತಕ್ಕಡಿ ಕೆಟ್ಟಿದೆ ಎಂದುಕೊಂಡು ಅಪ್ಪ ಅದನ್ನು ಅಲ್ಲೇ ಬಿಚ್ಚಿ ರಿಪೇರಿ ಮಾಡಲು ಹೋಗಿ ನರ್ಸಮ್ಮನ ಕೈಲಿ ಬೈಸಿಕೊಂಡಿದ್ದ. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಗ್ರಾಂ.

ಅಪ್ಪನ ಕೆಲಸವೇ ತಕ್ಕಡಿ ರಿಪೇರಿ. ಜಗತ್ತಿನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎನ್ನುವುದಕ್ಕೆ ಅವನ ಹತ್ತಿರ ಒಂದೇ ಪರೀಕ್ಷೆ. ಕಲ್ಲಂಗಡಿ ಭಾರ ಇದ್ದರೆ ಒಳ್ಳೆಯದು. ಬೀಗ ಭಾರ ಇದ್ದರೆ ಒಳ್ಳೆಯದು. ಗ್ರಾಂಗೆ ಶೂ ಕೊಂಡಾಗಲೂ ತೂಗಿಯೇ ಕೊಂಡಿದ್ದ. ಆ ಶೂ ಹಾಕಿಕೊಂಡು ಅವಳು ಓಟದ ಸ್ಪರ್ಧೆಯಲ್ಲಿ ಕೊನೆಯವಳಾಗಿ ಬಂದಿದ್ದಳು. “ಶೂ ಮಾತ್ರ ಹಾಳಾಗಿಲ್ಲ ನೋಡು,” ಎಂದಿದ್ದ ಅಪ್ಪ.

ಊರಿನ ತಕ್ಕಡಿಗಳನ್ನೆಲ್ಲ ಸರಿಮಾಡುವ ಅಪ್ಪನಿಗೆ ತನ್ನ ತಕ್ಕಡಿಯನ್ನು ಸರಿಮಾಡಲು ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ. ಖಾಲಿ ಇದ್ದಾಗಲೂ ಅದರ ಬಲತಟ್ಟೆ ಕೆಳಗೆ ಜಗ್ಗುತ್ತಿತ್ತು. ಅದಕ್ಕೇ ಅಂಗಡಿಗೆ ಬಂದ ಕೂಡಲೇ, “ಸಮ ಮಾಡೋಕೆ ಹಗುರವಾದ್ದು ಏನಾದ್ರೂ ಇದ್ರೆ ಕೊಡಿ ಸಾರ್,” ಎಂದು ಕೇಳಿದ್ದ.

ಅಂಗಡಿಯವನು ಡ್ರಾಯರ್ ಎಳೆದು ಒಂದು ಪುಟ್ಟ ಕಾರ್ಡ್ ಕೊಟ್ಟಿದ್ದ. ಅದೂ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೇ. ಆದರೆ ಅದಕ್ಕೆ ಫ್ಯಾನ್ ಇಲ್ಲ, ಲೈಟ್ ಇಲ್ಲ, ಬಾಕ್ಸ್ ಕೂಡ ಇಲ್ಲ. “ಇಟ್ಕೊಳಿ, ಇದನ್ನ ಈಗ ಯಾರೂ ಕೇಳಲ್ಲ,” ಎಂದಿದ್ದ. ಅಪ್ಪ ಅದನ್ನು ಎಡತಟ್ಟೆಯ ಅಡಿಗೆ ದಾರದಲ್ಲಿ ಕಟ್ಟಿದ್ದ.

“ಅಲ್ಲ ಸಾರ್,” ಎಂದ ಅಂಗಡಿಯವನು ಈಗ, ಸಾಧ್ಯವಾದಷ್ಟು ತಾಳ್ಮೆಯಿಂದ. “ನಿಮ್ಮ ಕಂಪ್ಯೂಟರ್ ಎಷ್ಟು ಹಳೇದು?”

“ಗಟ್ಟಿ ಇದೆ. ಇಬ್ಬರು ಎತ್ತಬೇಕು.”

ಅಂಗಡಿಯವನು ಆಸೆ ಬಿಟ್ಟು ಗ್ರಾಂ ಕಡೆ ತಿರುಗಿದ. “ಯಾವ ಗೇಮ್ ಆಡೋಕೆ ಮರಿ?”

“ಅಂಚೆ ಬಾತುಕೋಳಿ. ಹಳೇ ಗೇಮು. ನಮ್ಮಜ್ಜಿ ಆಡ್ತಿದ್ದಿದ್ದು.”

“ಬಾತುಕೋಳಿಗಾ?” ಅವನು ಜೋರಾಗಿ ನಕ್ಕುಬಿಟ್ಟ. “ಅದಕ್ಕೆ ಈ ರಾಕ್ಷಸ ಯಾಕೆ? ಹಳೇ ಗೇಮ್‌ಗೆ ದೊಡ್ಡ ಕಾರ್ಡ್ ಬೇಡ, ಹಳೇ ಕಂಪ್ಯೂಟರ್ ಒಪ್ಪೋ ಕಾರ್ಡ್ ಬೇಕು. ಅಗೋ, ತಟ್ಟೆ ಅಡಿ ನೇತಾಡ್ತಿದೆಯಲ್ಲ, ಅದೇ ಸಾಕು.”

“ತಮಾಷೆ ಮಾಡ್ಬೇಡಿ ಸಾರ್,” ಎಂದ ಅಪ್ಪ. “ತಕ್ಕಡಿ ಸುಳ್ಳು ಹೇಳಲ್ಲ.”

ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಅಂಗಡಿಯವನು ಮೂರು ಫ್ಯಾನಿನ ಕಾರ್ಡನ್ನು ಬಾಕ್ಸಿಗೆ ಹಾಕಿದ. “ಹಾಕಿ ನೋಡಿ. ಆಗ್ಲಿಲ್ಲ ಅಂದ್ರೆ ವಾಪಸ್ ತನ್ನಿ. ಬಾಕ್ಸ್ ಬಿಸಾಡ್ಬೇಡಿ,” ಎಂದ. ಕೊನೆಯ ಮಾತನ್ನು ಎರಡು ಸಲ ಹೇಳಿದ.

ಇಷ್ಟಕ್ಕೆಲ್ಲ ಕಾರಣ ಒಂದು ಲೋಟ ಟೀ.

ಅಜ್ಜಿ ವಯಸ್ಸಿನಲ್ಲಿದ್ದಾಗ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ ಟೋಕನ್ ಕೊಡುವ ಕೆಲಸ ಮಾಡುತ್ತಿದ್ದಳು. ಅಲ್ಲಿ ಅಂಚೆ ಬಾತುಕೋಳಿ ಎನ್ನುವ ಆಟವಿತ್ತು. ಒಂದು ಬಾತುಕೋಳಿ ಬೆನ್ನಿಗೆ ಚೀಲ ಹಾಕಿಕೊಂಡು ಹನ್ನೆರಡು ಮಹಡಿ ಹತ್ತಬೇಕು. ಮೇಲಿಂದ ಕುಂಬಳಕಾಯಿ ಉರುಳಿ ಬರುತ್ತವೆ. ನಲ್ಲಿಯಿಂದ ಕುದಿಯುವ ನೀರು ತೊಟ್ಟಿಕ್ಕುತ್ತದೆ. ಕೊನೇ ಮಹಡಿಯಲ್ಲಿ ಒಂದು ಕೆಂಪು ಬಾಗಿಲು.

ಆ ಬಾಗಿಲಿನ ಕತೆಯನ್ನು ಅಜ್ಜಿ ಗ್ರಾಂಗೆ ಸಾವಿರ ಸಲ ಹೇಳಿದ್ದಳು. ಬಾತುಕೋಳಿ ಬಾಗಿಲು ತಟ್ಟುತ್ತದೆ. ಒಳಗಿಂದ ಅದರ ಅಮ್ಮ, “ಯಾರು?” ಎನ್ನುತ್ತಾಳೆ. “ಅಂಚೆ,” ಎನ್ನುತ್ತದೆ ಬಾತುಕೋಳಿ. “ಅಂಚೆ ಆಮೇಲೆ. ಮೊದಲು ಟೀ,” ಎಂದು ಅಮ್ಮ ಬಾಗಿಲು ತೆಗೆಯುತ್ತಾಳೆ.

ಗ್ರಾಂ ಅದನ್ನು ಕ್ಲಾಸಿನಲ್ಲಿ ಹೇಳಿದ್ದೇ ತಪ್ಪಾಯಿತು.

“ಟೀ ಕುಡಿಯೋ ಬಾತುಕೋಳಿನಾ? ಪ್ರೂಫ್ ಏನು?” ಎಂದು ಕೇಳಿದ ಹಿಂದಿನ ಬೆಂಚಿನ ಹುಡುಗ. ಅವನು ಎಲ್ಲದಕ್ಕೂ ಪ್ರೂಫ್ ಕೇಳುತ್ತಿದ್ದ. ಭೂಮಿ ಗುಂಡಗಿದೆ ಎಂದು ಟೀಚರ್ ಹೇಳಿದಾಗಲೂ ಕೇಳಿದ್ದ. ಹಾಗಾಗಿ ಅವನ ಹೆಸರೇ ಪ್ರೂಫ್ ಆಗಿತ್ತು. “ಗೇಮ್ ಮುಗಿದ್ರೆ ‘ಯೂ ವಿನ್’ ಅಂತ ಬರತ್ತೆ. ಟೀ ಯಾವ ಗೇಮಲ್ಲೂ ಕೊಡಲ್ಲ. ನಿಮ್ಮಜ್ಜಿ ಬುರುಡೆ ಬಿಡ್ತಾರೆ.”

ಎಲ್ಲರೂ ನಕ್ಕರು. ತನ್ನನ್ನು ಬುರುಡೆ ಎಂದಿದ್ದರೆ ಗ್ರಾಂ ಸುಮ್ಮನಿರುತ್ತಿದ್ದಳೇನೋ. ಅಜ್ಜಿಯನ್ನು ಅಂದದ್ದನ್ನು ಮಾತ್ರ ಅವಳು ಸಹಿಸಲಿಲ್ಲ.

“ಶನಿವಾರ ಮನೆಗೆ ಬನ್ನಿ, ತೋರಿಸ್ತೀನಿ,” ಎಂದುಬಿಟ್ಟಳು.

ನೆಟ್‌ನಲ್ಲಿ ಹುಡುಕಿದರೆ ಆಟವೇನೋ ಸಿಕ್ಕಿತು. ಅದನ್ನು ಮಾಡಿದವರೇ ಈಗ ಎಲ್ಲರಿಗೂ ಫ್ರೀಯಾಗಿ ಬಿಟ್ಟಿದ್ದರು. ಆದರೆ ಅದನ್ನು ಕೊನೆಯ ತನಕ ಆಡಿ ವಿಡಿಯೋ ಹಾಕುವಷ್ಟು ತಾಳ್ಮೆ ಜಗತ್ತಿನಲ್ಲಿ ಯಾರಿಗೂ ಇದ್ದಂತಿರಲಿಲ್ಲ. ಇನ್ನು ಫೋನು ಕೊಟ್ಟರೆ, “ಗಾಜು ಒರೆಸೋದೆಲ್ಲ ಒಂದು ಆಟನಾ?” ಎಂದು ಅಜ್ಜಿ ಮುಖ ತಿರುಗಿಸಿದಳು.

ಉಳಿದದ್ದು ಮನೆಯ ಹಳೆಯ ಕಂಪ್ಯೂಟರ್. ಅಮ್ಮ ಬಸ್ ಡ್ರೈವರ್. ಡಿಪೋ ಆಫೀಸಿನವರು ಮೂಲೆಗೆ ಹಾಕಿದ್ದ ಕಂಪ್ಯೂಟರನ್ನು ಅವಳು ಕೇಳಿ ತಂದಿದ್ದಳು. ಗ್ರಾಂ ಅದಕ್ಕೆ ಎಮ್ಯುಲೇಟರ್ ಹಾಕಿದಳು. ಎಮ್ಯುಲೇಟರ್ ಎಂದರೆ ಕಂಪ್ಯೂಟರಿಗೆ ಹಳೆಯ ಗೇಮ್ ಮೆಷಿನ್ನಿನ ವೇಷ ಹಾಕಿಸುವ ಪ್ರೋಗ್ರಾಂ. ವೇಷವೇನೋ ಹಾಕಿತು, ಕುಣಿಯಲು ಮಾತ್ರ ಆಗಲಿಲ್ಲ. ಬಾತುಕೋಳಿ ಒಂದು ಹೆಜ್ಜೆ ಇಡುವಷ್ಟರಲ್ಲಿ ಅಜ್ಜಿ ಒಂದು ಗಡ್ಡೆ ಬೆಳ್ಳುಳ್ಳಿ ಸುಲಿದು ಮುಗಿಸುತ್ತಿದ್ದಳು. ಪರದೆಯ ಮೇಲೆ ಒಂದು ಮಾತು ಬಂತು: ಈ ಕಂಪ್ಯೂಟರಿನ ಗ್ರಾಫಿಕ್ಸ್ ಸಾಲದು.

“ಸಾಲದಾ? ಸಾಲೋವಷ್ಟು ತರೋಣ,” ಎಂದು ಅಪ್ಪ ತಕ್ಕಡಿ ಎತ್ತಿಕೊಂಡು ಹೊರಟಿದ್ದ.

ಈಗ ಮೂರು ಫ್ಯಾನಿನ ಕಾರ್ಡ್ ಮನೆಗೆ ಬಂದಿತ್ತು. ಕಂಪ್ಯೂಟರಿನ ಮುಚ್ಚಳ ತೆಗೆದಿತ್ತು. ಅಮ್ಮ ಯೂನಿಫಾರಂನಲ್ಲೇ ಬಂದು ಒಂದು ಸಲ ಒಳಗೆ ನೋಡಿದಳು, ಒಂದು ಸಲ ಕಾರ್ಡ್ ನೋಡಿದಳು.

“ಇದು ಹೋಗಲ್ಲ,” ಎಂದಳು. ದಿನಾ ಕಿರಿದಾದ ಡಿಪೋ ಗೇಟಿನಲ್ಲಿ ಉದ್ದನೆಯ ಬಸ್ಸನ್ನು ರಿವರ್ಸ್ ತೆಗೆಯುವವಳ ಕಣ್ಣು ಅದು.

“ಹೋಗತ್ತೆ. ನೀನು ಸೈಡ್ ನೋಡು, ನಾನು ಹಾಕ್ತೀನಿ,” ಎಂದ ಅಪ್ಪ.

ಸರಿ, ಅಮ್ಮ ಬಗ್ಗಿ ನಿಂತಳು. “ಬರ್ಲಿ. ಬರ್ಲಿ. ಸ್ವಲ್ಪ ಎಡಕ್ಕೆ ಕಟ್ ಮಾಡಿ ರೀ. ಹಾಂ, ಬರ್ಲಿ. ಹೋಲ್ಡಾನ್, ಹೋಲ್ಡಾನ್. ಹಾರ್ಡ್‌ಡಿಸ್ಕ್‌ಗೆ ಗುದ್ದತ್ತೆ. ಸ್ವಲ್ಪ ಮುಂದಕ್ಕೆ ತಗೊಂಡು ಮತ್ತೆ ಬನ್ನಿ.”

ಅಪ್ಪ ಮುಂದಕ್ಕೆ ತೆಗೆದುಕೊಂಡು ಮತ್ತೆ ಬಂದ. ಮತ್ತೆ ಗುದ್ದಿತು.

“ಇಳಿಯೋರು ಯಾರಾದ್ರೂ ಇದ್ರೆ ಇಲ್ಲೇ ಇಳ್ಕೊಳ್ಳಿ,” ಎಂದಳು ಅಜ್ಜಿ ಬೆಳ್ಳುಳ್ಳಿ ಬುಟ್ಟಿಯ ಹಿಂದಿನಿಂದ.

ಅಪ್ಪ ಸೋಲಲಿಲ್ಲ. ಹಾರ್ಡ್‌ಡಿಸ್ಕನ್ನು ಬಿಚ್ಚಿ ಹೊರಗೆ ನೇತುಹಾಕಿದ. ಅದನ್ನಿಟ್ಟಿದ್ದ ಗೂಡನ್ನೂ ಬಿಚ್ಚಿದ. ಈಗ ಕಾರ್ಡ್ ಸ್ಲಾಟಿಗೆ ಕೂತಿತು. ಆದರೆ ಅದರ ಬಾಲ ಕಂಪ್ಯೂಟರಿನಿಂದ ಹೊರಗೆ ಚಾಚಿಕೊಂಡು ಭಾರಕ್ಕೆ ಬಗ್ಗತೊಡಗಿತು. ಅಪ್ಪ ಬಾಲಕ್ಕೆ ದಾರ ಕಟ್ಟಿದ. ದಾರವನ್ನು ಕಿಟಕಿಯ ಸರಳಿನ ಮೇಲಿಂದ ಹಾಯಿಸಿ ಇನ್ನೊಂದು ತುದಿಗೆ ಅರ್ಧ ಕೇಜಿ ತೂಕದ ಬಟ್ಟು ಕಟ್ಟಿದ. ಅರ್ಧ ಕೇಜಿ ಸಾಲದೆ ಇನ್ನೂರು ಗ್ರಾಂ ಸೇರಿಸಿದ.

“ಈಗ ಸಮ,” ಎಂದು ಹಿಂದೆ ಸರಿದು ನೋಡಿದ. ಕಂಪ್ಯೂಟರ್ ಈಗ ಕಂಪ್ಯೂಟರಿನಂತೆ ಕಾಣುತ್ತಿರಲಿಲ್ಲ. ಬಾವಿಯಿಂದ ನೀರು ಸೇದಲು ಹೊರಟ ಹಾಗೆ ಕಾಣುತ್ತಿತ್ತು.

ಗ್ರಾಂ ಸ್ವಿಚ್ ಒತ್ತಿದಳು. ಕಂಪ್ಯೂಟರ್ ಒಮ್ಮೆ ಉದ್ದಕ್ಕೆ ಕೂಗಿಕೊಂಡಿತು. ಅಷ್ಟೇ. ಪರದೆ ಕಪ್ಪಗೇ ಇತ್ತು.

ಕಾರ್ಡಿನ ನೆತ್ತಿಯ ಮೇಲೆ ಎರಡು ಖಾಲಿ ತೂತಿನ ಸಾಲುಗಳಿದ್ದವು. ಅಲ್ಲಿಗೆ ಬೇರೆ ಕರೆಂಟು ಕೊಡಬೇಕು ಎಂದು ಬಾಕ್ಸಿನ ಮೇಲೆ ಚಿತ್ರವಿತ್ತು. ಆ ಹಳೆಯ ಕಂಪ್ಯೂಟರಿನಲ್ಲಿ ಅಂಥ ವೈರೇ ಇರಲಿಲ್ಲ. ಇದ್ದಿದ್ದರೂ ಅಷ್ಟು ಕರೆಂಟು ಕೊಡುವ ಶಕ್ತಿ ಅದಕ್ಕಿರಲಿಲ್ಲ.

“ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,” ಎಂದಳು ಅಜ್ಜಿ.

ಅಪ್ಪ ಗಲ್ಲ ಕೆರೆದುಕೊಂಡ. ಆಮೇಲೆ ಮೆಲ್ಲಗೆ ಅಮ್ಮನ ಕಡೆ ತಿರುಗಿ, “ಡಿಪೋದಲ್ಲಿ ಹಳೇ ಬಸ್ಸಿನ ಬ್ಯಾಟರಿ ಏನಾದ್ರೂ,” ಎಂದು ಶುರುಮಾಡಿದ. ಅಮ್ಮ ಒಂದು ನೋಟ ನೋಡಿದಳು. “ತಮಾಷೆಗೆ ಹೇಳ್ದೆ,” ಎಂದ ಅಪ್ಪ.

ಗ್ರಾಂಗೆ ನಗು ಬರಲಿಲ್ಲ. ಬೆಳಗಾದರೆ ಶನಿವಾರ. ಕಪ್ಪು ಪರದೆಯ ಮುಂದೆ ಪ್ರೂಫ್ ನಿಂತು ಅಜ್ಜಿಯ ಎದುರಿಗೇ ಬುರುಡೆ ಎನ್ನುತ್ತಾನೆ. ಅವಳು ಮೂಲೆಗೆ ಹೋಗಿ ಕೂತಳು.

ಮೂಲೆಯಲ್ಲಿ ಅಪ್ಪನ ತಕ್ಕಡಿ ಇತ್ತು. ಎಡತಟ್ಟೆಯ ಅಡಿಯಲ್ಲಿ ಆ ಪುಟ್ಟ ಕಾರ್ಡ್ ಇನ್ನೂ ನೇತಾಡುತ್ತಿತ್ತು. ಹಳೇ ಕಂಪ್ಯೂಟರ್ ಒಪ್ಪೋ ಕಾರ್ಡ್, ಎಂದಿದ್ದನಲ್ಲ ಅಂಗಡಿಯವನು. ಗ್ರಾಂ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೇರೆ ಕರೆಂಟು ಕೇಳುವ ತೂತುಗಳು ಇದರಲ್ಲಿ ಎಲ್ಲೂ ಇರಲಿಲ್ಲ.

“ಅಪ್ಪಾ, ಇದನ್ನ ಹಾಕೋಣ.”

“ಅದನ್ನಾ?” ಅಪ್ಪನಿಗೆ ನಿಜವಾಗಿ ನೋವಾಯಿತು. “ಅದರಲ್ಲಿ ತೂಕಾನೇ ಇಲ್ವಲ್ಲೇ.”

“ಹುಟ್ಟಿದಾಗ ನನ್ನಲ್ಲೂ ಇರಲಿಲ್ಲ ಅಂತ ನೀನೇ ಹೇಳ್ತೀಯಲ್ಲ.”

ಅಪ್ಪ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೇ ದಾರ ಬಿಚ್ಚಿದ. ಬಲತಟ್ಟೆ ಠಣ್ ಎಂದು ನೆಲಕ್ಕೆ ಬಿತ್ತು.

ಪುಟ್ಟ ಕಾರ್ಡ್ ಯಾರೂ ಬರ್ಲಿ ಬರ್ಲಿ ಎನ್ನದೆಯೇ ಸ್ಲಾಟಿನೊಳಗೆ ಕೂತಿತು. ಹಾರ್ಡ್‌ಡಿಸ್ಕ್ ತನ್ನ ಗೂಡಿಗೆ ಮರಳಿತು. ಗ್ರಾಂ ಅಂಗಡಿಯವನಿಗೆ ಫೋನ್ ಮಾಡಿ, ಅದನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಯಾವುದೆಂದು ಕೇಳಿಕೊಂಡಳು. “ಡ್ರೈವರ್ ಬೇಕಂತೆ,” ಎಂದಾಗ, “ನಾನಿದ್ದೀನಲ್ಲ,” ಎಂದಳು ಅಮ್ಮ.

ಸ್ವಿಚ್ ಒತ್ತಿದರು. ಪರದೆ ಬೆಳಗಿತು. ಸಂಗೀತ ಬಂತು. ಹಳದಿ ಬಾತುಕೋಳಿ ಚೀಲ ಕುಲುಕಿಸುತ್ತ ಪಟಪಟನೆ ಓಡಿಬಂದು ನಿಂತಿತು.

“ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು,” ಎಂದಳು ಅಮ್ಮ. ಅಪ್ಪ ಮೂರು ಫ್ಯಾನಿನ ರಾಕ್ಷಸನನ್ನು ವಾಪಸ್ ಕೊಡಲು ಬಾಕ್ಸ್ ಹುಡುಕತೊಡಗಿದ. ಅದನ್ನು ಅವನು ಬಿಸಾಡಿರಲಿಲ್ಲ. ಅದರಲ್ಲಿ ಅಜ್ಜಿ ಬೆಳ್ಳುಳ್ಳಿ ತುಂಬಿಟ್ಟಿದ್ದಳು.

“ಆಡು ಅಜ್ಜಿ,” ಎಂದಳು ಗ್ರಾಂ.

ಅಜ್ಜಿ ಕನ್ನಡಕ ಹಾಕಿಕೊಂಡು ಬಾತುಕೋಳಿಯನ್ನು ಬಹಳ ಹೊತ್ತು ನೋಡಿದಳು. ಹಳೆಯ ಗೆಳತಿಯನ್ನು ನೋಡುವ ಹಾಗಿತ್ತು ಅದು. ಮೊದಲ ಮಹಡಿ ಆಡಿ ಕೈ ತೆಗೆದಳು.

“ನಾಳೆ ಕೊನೇ ಬಾಗಿಲ ತನಕ ಹೋಗ್ಲೇಬೇಕಾ?” ಎಂದು ಕೇಳಿದಳು.

“ಮತ್ತೆ? ಅದಕ್ಕೇ ಅಲ್ವಾ ಇಷ್ಟೆಲ್ಲ?”

ಅಜ್ಜಿ ಬೆಳ್ಳುಳ್ಳಿ ಬುಟ್ಟಿ ಎತ್ತಿಕೊಂಡು ಹೋದಳು.

ಶನಿವಾರ ಮಧ್ಯಾಹ್ನ ಪ್ರೂಫ್ ಬಂದ. ಜೊತೆಗೆ ಕ್ಲಾಸಿನ ಇನ್ನೂ ಮೂವರು ಬಂದರು. ಗಾಳಿಗೆ ಬಡಿಯುತ್ತದೆಂದು ರೂಮಿನ ಬಾಗಿಲು ಹಾಕಿದರು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಎಳೆದುಕೊಂಡಳು.

ಅಜ್ಜಿ ಆಡುವುದನ್ನು ನೋಡಬೇಕಿತ್ತು. ಕುಂಬಳಕಾಯಿ ಉರುಳಿ ಬಂದರೆ ಅದರ ಮೇಲೆಯೇ ಕಾಲಿಟ್ಟು ಹಾರಿದಳು. ನಲ್ಲಿಯ ಹನಿಗಳ ನಡುವೆ ಒಂದು ಕೊಕ್ಕು ನುಗ್ಗುವಷ್ಟು ಜಾಗ ಹುಡುಕಿದಳು. ಮಹಡಿ ಏರಿದ ಹಾಗೆಲ್ಲ ಅವಳ ಬಾಯಿಂದ, ಮನೆಯಲ್ಲಿ ಯಾರೂ ಕೇಳಿರದ ಬೈಗುಳಗಳು ಬಂದವು. ಅಪ್ಪ ಎರಡು ಸಲ ಕೆಮ್ಮಿದ. ಪ್ರೂಫ್ ಬಾಯಿ ತೆರೆದುಕೊಂಡು ಕುರ್ಚಿಯ ಬೆನ್ನಿಗೇ ಅಂಟಿ ನಿಂತಿದ್ದ.

“ಅಜ್ಜಿ, ಎಡಗಡೆ ಕುಂಬಳಕಾಯಿ,” ಎಂದು ಕೂಗಿದ ಹನ್ನೊಂದನೇ ಮಹಡಿಯಲ್ಲಿ. ಯಾರ ಕಡೆಯವನೆಂದು ಅವನಿಗೇ ಮರೆತುಹೋಗಿತ್ತು.

ಕೆಂಪು ಬಾಗಿಲು ಬಂತು. ಬಾತುಕೋಳಿ ಅದನ್ನು ಮುಟ್ಟಿತು. ಪರದೆ ಪೂರ್ತಿ ಕಪ್ಪಾಯಿತು.

“ಕಾರ್ಡ್ ಹೋಯ್ತು. ತೂಕ ಸಾಲ್ದು ಅಂದೆ,” ಎಂದು ಅಪ್ಪ ಪಿಸುಗುಟ್ಟಿದ.

ಕಾರ್ಡಿಗೆ ಏನೂ ಆಗಿರಲಿಲ್ಲ. ಮತ್ತೆ ಅದೇ ಸಂಗೀತ ಬಂತು, ಅದೇ ಮೊದಲ ಮಹಡಿ. ಅದೇ ಬಾತುಕೋಳಿ, ಬೆನ್ನ ಮೇಲೆ ತುಂಬಿದ ಚೀಲ ಹೊತ್ತು, ಏನೂ ಆಗಿಯೇ ಇಲ್ಲವೆನ್ನುವಂತೆ ಕಾಲು ಕುಣಿಸುತ್ತ ನಿಂತಿತ್ತು. ಬಾಗಿಲು ತೆಗೆಯುವ ಅಮ್ಮ ಇಲ್ಲ. ಟೀ ಇಲ್ಲ.

ಗ್ರಾಂಗೆ, ಸುಳ್ಳಾ ಅಜ್ಜಿ, ಎಂದು ಕೇಳಬೇಕೆನ್ನಿಸಿತು. ಸಿಟ್ಟು ಬಂದಿತ್ತು ಅವಳಿಗೆ.

“ಟೀ ಎಲ್ಲಿ?” ಎಂದ ಪ್ರೂಫ್. ಅವನು ಅಣಕಿಸಲಿಲ್ಲ. ಅವನೂ ಟೀ ಇದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡವನ ಹಾಗೆ ಕಂಡ.

ಅಜ್ಜಿಯ ಬೆರಳುಗಳು ಕೀಬೋರ್ಡಿನ ಮೇಲೇ ಇದ್ದವು. “ಅವತ್ತೂ ಹೀಗೇ ಆಗಿತ್ತು,” ಎಂದಳು. “ಬೆಳಗ್ಗಿಂದ ಟೋಕನ್ ಕೊಟ್ಟು ಕೊಟ್ಟು, ಎಲ್ಲರೂ ಮನೆಗೆ ಹೋದ ಮೇಲೆ ಆಡಿದ್ದು ನಾನು. ಎಷ್ಟೋ ಸಲ ಬಿದ್ದು, ಕೊನೆಗೆ ಒಂದು ದಿನ ಬಾಗಿಲು ಮುಟ್ಟಿದೆ. ನೋಡಿದ್ರೆ ತಿರುಗಿ ಅದೇ ಮೆಟ್ಟಿಲು. ಅಷ್ಟು ಹತ್ತಿ ಬಂದಿರೋ ಹಕ್ಕಿಗೆ ಒಂದು ಲೋಟ ಟೀ ಆದ್ರೂ ಕೊಡಬೇಕಿತ್ತು ಅವರು.”

ಗ್ರಾಂ ಅಜ್ಜಿಯ ಬೆನ್ನನ್ನು ನೋಡಿದಳು. ಆ ಟೋಕನ್ ಗೂಡಿನಲ್ಲಿ ಒಬ್ಬಳೇ ಕೂತ, ತನಗೆ ಗೊತ್ತಿಲ್ಲದ ಚಿಕ್ಕ ವಯಸ್ಸಿನ ಅಜ್ಜಿ ಅವಳಿಗೆ ಕಂಡಳು. ಆ ಅಜ್ಜಿಗೂ ಯಾರೂ ಬಾಗಿಲು ತೆಗೆದು ಟೀ ಕೊಟ್ಟಿರಲಿಕ್ಕಿಲ್ಲ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಗ್ರಾಂ ಎದ್ದಳು. “ಬಂದೆ. ಯಾರೂ ಹೊರಗೆ ಬರ್ಬೇಡಿ,” ಎಂದು ಹೇಳಿ, ಹೊರಗೆ ಹೋಗಿ ಬಾಗಿಲನ್ನು ಮತ್ತೆ ಹಾಕಿದಳು.

ಅಡುಗೆಮನೆಯಲ್ಲಿ ಅಮ್ಮ ಎಲ್ಲರಿಗೂ ಟೀ ಸೋಸುತ್ತಿದ್ದಳು. ಗ್ರಾಂ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು, ಚೆಲ್ಲದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದು ರೂಮಿನ ಮುಂದೆ ನಿಂತಳು.

“ಅಜ್ಜಿ,” ಎಂದಳು ಹೊರಗಿನಿಂದ. “ಬಾಗಿಲು ತಟ್ಟು.”

ಒಳಗೆ ಕುರ್ಚಿ ಸರಿದ ಶಬ್ದ ಕೇಳಿತು. ಮೆಲ್ಲನೆಯ ಹೆಜ್ಜೆಗಳು ಹತ್ತಿರ ಬಂದವು. ಟಕ್ ಟಕ್ ಎಂದು ಬಾಗಿಲ ಸದ್ದಾಯಿತು.

“ಯಾರು?” ಎಂದು ಕೇಳಿದಳು ಗ್ರಾಂ.

“ಅಂಚೆ,” ಎಂದಿತು ಅಜ್ಜಿಯ ದನಿ.

“ಅಂಚೆ ಆಮೇಲೆ. ಮೊದಲು ಟೀ,” ಎಂದು ಗ್ರಾಂ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿದಳು.

ಎದುರಿಗೇ ಅಜ್ಜಿ ನಿಂತಿದ್ದಳು. ಕನ್ನಡಕದ ಗಾಜು ಮಂಜಾಗಿತ್ತು. ಗ್ರಾಂ ಮೊದಲ ಲೋಟ ಅವಳಿಗೇ ಕೊಟ್ಟಳು.

ಎರಡನೆಯದನ್ನು ಪ್ರೂಫ್ ತಾನಾಗಿಯೇ ತೆಗೆದುಕೊಂಡ. ಊದಿ ಊದಿ ಒಂದು ಗುಟುಕು ಕುಡಿದ.

“ಸೋಮವಾರ ಕ್ಲಾಸಲ್ಲಿ ಏನಂತ ಹೇಳ್ತೀಯೋ?” ಎಂದು ಪಕ್ಕದಲ್ಲಿದ್ದ ಕ್ಲಾಸಿನ ಹುಡುಗಿ ಅವನನ್ನು ಕೇಳಿದಳು.

ಪ್ರೂಫ್ ಇನ್ನೊಂದು ಗುಟುಕು ಕುಡಿದು ಯೋಚಿಸಿದ.

“ಬಾಗಿಲ ಹಿಂದೆ ಟೀ ಇತ್ತು ಅಂತ,” ಎಂದ. “ಸಕ್ಕರೆ ಸ್ವಲ್ಪ ಜಾಸ್ತಿ ಅಂತ.”